ಕೊಡಗಿನ ಜನಚಿತ್ರ ಬರೆಯುವ ಬಗೆ: ಹಳ್ಳಿಯ ಸಾಲಿನಿಂದ ಜಿಲ್ಲೆಯವರೆಗೆ

ಕೊಡಗು ಕರ್ನಾಟಕದಲ್ಲಿ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ. 2011ರ ಜನಗಣತಿಯಲ್ಲಿ ಇಲ್ಲಿದ್ದವರು 5,54,519 ಮಂದಿ. ವಿಸ್ತೀರ್ಣ 4,102 ಚದರ ಕಿಲೋಮೀಟರ್, ಅಂದರೆ ಚದರ ಕಿಲೋಮೀಟರಿಗೆ 135 ಜನ. ನೂರರಲ್ಲಿ 85 ಮಂದಿ ಹಳ್ಳಿಗಳಲ್ಲೇ ಇದ್ದರು. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಕೊಡಗಿನದು ಬೆಳೆದದ್ದು ಶೇ 1.1 ಮಾತ್ರ. ಪಂಚಾಯಿತಿಯ ಯೋಜನೆಗೋ ಸಂಘದ ಕೆಲಸಕ್ಕೋ ಕಾಲೇಜಿನ ಅಧ್ಯಯನಕ್ಕೋ ಇಂಥ ಜಿಲ್ಲೆಯ ಜನಚಿತ್ರ ಬರೆಯಲು ಹೊರಟವರು ಈ ಅಂಕಿಗಳನ್ನು ಮೊದಲ ಪುಟದಲ್ಲಿ ಹಾಕಿ, ಉಳಿದದ್ದಕ್ಕೆ ಜಿಲ್ಲೆಯ ಸರಾಸರಿಯನ್ನೇ ನಂಬಿ ಕೂರುವುದುಂಟು. ಆಗ ಚಿತ್ರದಿಂದ ಮೊದಲು ಮರೆಯಾಗುವವರು ಲೈನ್ ಮನೆಯವರು (ತೋಟದ ಕೂಲಿಗಳ ಸಾಲುಮನೆಗಳಲ್ಲಿರುವವರು), ಹಾಡಿಯವರು (ಬುಡಕಟ್ಟು ಜನರ ನೆಲೆಗಳಲ್ಲಿರುವವರು), ಪೈಸಾರಿಯವರು (ಸರ್ಕಾರಿ ಜಾಗದಲ್ಲಿ ನೆಲೆಸಿದವರು). ಹಾಗಾಗಿ ಜನಗಣತಿಯ ಕೋಷ್ಟಕದಲ್ಲಿರುವ ಹಳ್ಳಿಯ ಸಾಲಿನಿಂದ ಶುರುಮಾಡಿ ಮೇಲಕ್ಕೆ ಕೂಡಿಕೊಂಡು ಬರಬೇಕು.

ಮೊದಲು ಗಡಿ

2011ರಲ್ಲಿ ಜಿಲ್ಲೆಗೆ ಮೂರೇ ತಾಲ್ಲೂಕು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಆಮೇಲೆ ವಿರಾಜಪೇಟೆಯಿಂದ ಪೊನ್ನಂಪೇಟೆ, ಸೋಮವಾರಪೇಟೆಯಿಂದ ಕುಶಾಲನಗರ ಬೇರೆಯಾದವು. ಇವತ್ತಿನ ಕುಶಾಲನಗರ ತಾಲ್ಲೂಕಿನ 2011ರ ಜನಸಂಖ್ಯೆ ಯಾವ ಪಟ್ಟಿಯಲ್ಲೂ ಸಿದ್ಧವಾಗಿ ಸಿಗದು. ತಾಲ್ಲೂಕು ಕಚೇರಿಯಿಂದ ಈಗಿನ ಹೋಬಳಿವಾರು ಕಂದಾಯ ಗ್ರಾಮಗಳ ಪಟ್ಟಿ ತಂದು, ಒಂದೊಂದು ಗ್ರಾಮವನ್ನೂ ಜನಗಣತಿಯ ಆರಂಕಿಯ ಗ್ರಾಮ ಸಂಕೇತಕ್ಕೆ ಹೊಂದಿಸಿ, ನಾವೇ ಕೂಡಬೇಕು. ಹೆಸರು ನೋಡಿ ಹೊಂದಿಸಲು ಹೋಗಬೇಡಿ. ಒಂದೇ ಹೆಸರಿನ ಊರುಗಳಿವೆ, ಒಂದೇ ಊರಿಗೆ ಮೂರು ಬಗೆಯ ಕಾಗುಣಿತವೂ ಇದೆ. 2001ರ ಸಂಕೇತಗಳು ಬೇರೆ, 2011ರವು ಬೇರೆ. ಎರಡನ್ನೂ ಹೋಲಿಸುವುದಿದ್ದರೆ ಹೊಂದಾಣಿಕೆಯ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಇನ್ನೊಂದು ಗಡಿಯ ತಪ್ಪು ಕುಶಾಲನಗರದ ಪಕ್ಕದಲ್ಲೇ ಆಗುತ್ತದೆ. ಬೈಲುಕುಪ್ಪೆಯ ಟಿಬೆಟನ್ ನೆಲೆಯನ್ನು ಕೊಡಗಿನ ಸಮುದಾಯಗಳ ಪಟ್ಟಿಗೆ ಸೇರಿಸಿಬಿಡುತ್ತಾರೆ. ಅದು ಕಾವೇರಿಯ ಆಚೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಕುಶಾಲನಗರದ ಸಂತೆ, ಆಸ್ಪತ್ರೆ, ಬಸ್ಸುಗಳ ಮೇಲೆ ಅದರ ಪ್ರಭಾವ ಇರುವುದರಿಂದ ವಿವರಣೆಯಲ್ಲಿ ಹೇಳಬಹುದು, ಎಣಿಕೆಗೆ ಮಾತ್ರ ತರಬಾರದು.

ಜನಗಣತಿಯ ಕೋಷ್ಟಕ ತೆರೆದಾಗ

ಮೊದಲಿಗೆ ಬೇಕಾದ್ದು ಪ್ರಾಥಮಿಕ ಜನಗಣತಿ ಸಾರದ ಗ್ರಾಮವಾರು ಕಡತ ಮತ್ತು ಜಿಲ್ಲಾ ಜನಗಣತಿ ಕೈಪಿಡಿ. ಕೈಪಿಡಿಯ ಎ ಭಾಗದಲ್ಲಿ ಊರಿನ ಸೌಲಭ್ಯಗಳಿವೆ (ಶಾಲೆ, ನೀರು, ರಸ್ತೆ, ಬಸ್ಸು), ಬಿ ಭಾಗದಲ್ಲಿ ಜನರ ಅಂಕಿ ಇದೆ. ಎಕ್ಸೆಲ್‌ನಲ್ಲಿ ತೆರೆಯುವಾಗ ಸಂಕೇತಗಳ ಕಾಲಂ ಪಠ್ಯವಾಗಿರಲಿ, ಇಲ್ಲದಿದ್ದರೆ ಮುಂದಿರುವ ಸೊನ್ನೆಗಳು ಹಾರಿಹೋಗುತ್ತವೆ. ಅದೇ ಕಡತದಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ, ಪಟ್ಟಣದ ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಮೇಲಿನ ಹಂತಗಳಿಗೆ ಒಟ್ಟು, ಗ್ರಾಮೀಣ, ನಗರ ಎಂದು ಮೂರು ಮೂರು ಸಾಲು. ಕಾಲಂ ಪೂರ್ತಿ ಕೂಡಿದರೆ ಒಬ್ಬನೇ ಮನುಷ್ಯ ಹಲವು ಸಲ ಲೆಕ್ಕಕ್ಕೆ ಬರುತ್ತಾನೆ. ಗ್ರಾಮ ಮತ್ತು ಪಟ್ಟಣದ ಸಾಲುಗಳನ್ನು ಮಾತ್ರ ಸೋಸಿ ಕೂಡಿ. ಜಿಲ್ಲೆಗೆ 5,54,519 ಬಂದರೆ ನಿಮ್ಮ ಸೋಸುವಿಕೆ ಸರಿ. ಒಂದೇ ವ್ಯತ್ಯಾಸವಿದ್ದರೂ ಮುಂದೆ ಹೋಗಬೇಡಿ.

ಲಿಂಗಾನುಪಾತ ಎಂದರೆ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ. ಕೊಡಗಿನಲ್ಲಿ 2,79,911 ಹೆಂಗಸರು, 2,74,608 ಗಂಡಸರು. ಭಾಗಿಸಿ ಸಾವಿರದಿಂದ ಗುಣಿಸಿದರೆ 1019. ಉಡುಪಿ (1094), ದಕ್ಷಿಣ ಕನ್ನಡ (1020) ಬಿಟ್ಟರೆ ರಾಜ್ಯದಲ್ಲಿ ಇದೇ ಹೆಚ್ಚು. ಇದನ್ನು ಕಂಡ ಕೂಡಲೇ ‘ಇಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟುತ್ತಾರೆ’ ಎಂದು ಬರೆಯಬಾರದು. 0–6 ವಯಸ್ಸಿನ ಮಕ್ಕಳ ಅನುಪಾತ ಸಾವಿರಕ್ಕಿಂತ ಕೆಳಗೇ ಇದೆ. ದುಡಿಯುವ ವಯಸ್ಸಿನ ಗಂಡಸರು ಊರು ಬಿಟ್ಟಿರುವುದು, ಹೆಂಗಸರು ಹೆಚ್ಚು ಕಾಲ ಬದುಕುವುದು ಇವೆರಡೂ ಸೇರಿ ಒಟ್ಟು ಅಂಕಿಯನ್ನು ಮೇಲಕ್ಕೆತ್ತುತ್ತವೆ. ಎರಡು ಅನುಪಾತಗಳನ್ನೂ ಪಕ್ಕಪಕ್ಕದಲ್ಲೇ ಕೊಡಿ.

ಸಾಕ್ಷರತೆಯಲ್ಲಿ ಛೇದ ತಪ್ಪುವುದು ಸಾಮಾನ್ಯ. ಜನಗಣತಿ 7 ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಸಾಕ್ಷರರೆಂದು ಎಣಿಸುವುದೇ ಇಲ್ಲ. ಆದ್ದರಿಂದ ಒಟ್ಟು ಜನರಲ್ಲಿ 0–6ರ ಮಕ್ಕಳನ್ನು ಕಳೆದ ಮೇಲೆಯೇ ಭಾಗಿಸಬೇಕು. 1,000 ಜನರ ಊರಲ್ಲಿ 110 ಮಕ್ಕಳು, 712 ಸಾಕ್ಷರರು ಇದ್ದಾರೆ ಎನ್ನಿ. 712ನ್ನು 890ರಿಂದ ಭಾಗಿಸಿದರೆ ಶೇ 80. ಸಾವಿರದಿಂದ ಭಾಗಿಸಿ ಶೇ 71 ಎಂದರೆ ಆ ಊರಿಗೆ ಅನ್ಯಾಯ. ಜಿಲ್ಲೆಯ ಪ್ರಮಾಣ ಶೇ 82.6, ರಾಜ್ಯದ್ದು 75.4.

ಚಿಕ್ಕ ಊರುಗಳಿಗೆ ಪ್ರಮಾಣ ಲೆಕ್ಕ ಹಾಕಲೇಬೇಡಿ. 22 ಗಂಡಸರು, 31 ಹೆಂಗಸರಿರುವ ಹಳ್ಳಿಯ ‘ಲಿಂಗಾನುಪಾತ 1409’ ಎಂಬುದಕ್ಕೆ ಅರ್ಥವಿಲ್ಲ. ನೂರಕ್ಕಿಂತ ಕಡಿಮೆ ಜನರಿದ್ದಲ್ಲಿ ಎಣಿಕೆಯನ್ನಷ್ಟೇ ಕೊಡುವುದು ಸರಿ. ಹಾಸ್ಟೆಲ್, ವಸತಿ ಶಾಲೆ ಇರುವ ಊರುಗಳ ಮುಂದೆ ಗುರುತು ಹಾಕಿ. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ, ಗಾಳಿಬೀಡಿನಲ್ಲಿ ನವೋದಯ ಇದೆ. ಇಂಥ ಊರುಗಳ ವಯಸ್ಸು ಮತ್ತು ಲಿಂಗದ ಅಂಕಿಗಳು ಅಲ್ಲಿನ ಮನೆಗಳ ಕಥೆಯನ್ನಷ್ಟೇ ಹೇಳುವುದಿಲ್ಲ.

ದುಡಿಮೆಯ ಕಾಲಂ: ಕಾಫಿ ನಾಡಿನ ದೊಡ್ಡ ಗುಂಡಿ

ಜನಗಣತಿ ದುಡಿಯುವವರನ್ನು ನಾಲ್ಕು ಗುಂಪು ಮಾಡುತ್ತದೆ: ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ಇತರರು. ವರ್ಷದಲ್ಲಿ 6 ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕಾಫಿ, ಚಹಾ, ರಬ್ಬರ್, ತೆಂಗು, ಅಡಿಕೆ ಬೆಳೆಯುವುದನ್ನು ಜನಗಣತಿಯ ವ್ಯಾಖ್ಯೆ ಸಾಗುವಳಿ ಎಂದು ಒಪ್ಪುವುದಿಲ್ಲ. ಐವತ್ತು ಎಕರೆ ತೋಟದ ಮಾಲೀಕನೂ ಅವನ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸೂ ‘ಇತರ ಕೆಲಸಗಾರರು’ ಎಂಬ ಒಂದೇ ಕಾಲಂನಲ್ಲಿ ಕೂರುತ್ತಾರೆ, ಪಕ್ಕದಲ್ಲಿ ಮೇಷ್ಟರು, ಜೀಪ್ ಡ್ರೈವರ್, ಅಂಗಡಿಯವರು.

ಇದು ತಿಳಿಯದೆ ಬರೆದರೆ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ‘ಸೇವಾ ವಲಯವೇ ಪ್ರಧಾನವಾದ ಜಿಲ್ಲೆ’ ಆಗಿಬಿಡುತ್ತದೆ! ಪರಿಹಾರ ಇಷ್ಟು: ಇತರರ ಅಂಕಿಯನ್ನು ಹಾಗೇ ಕೊಟ್ಟು, ಅದರ ಕೆಳಗೆ ವ್ಯಾಖ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಹಿಡುವಳಿಗಳ ಸಂಖ್ಯೆ, ಗಾತ್ರಗಳಿಗೆ ಕೃಷಿ ಗಣತಿಯ ತಾಲ್ಲೂಕುವಾರು ಕೋಷ್ಟಕ ಸೇರಿಸಿ. ಅಲ್ಲಿಯೂ ಎಚ್ಚರ ಬೇಕು. ಜಮ್ಮಾ ಭೂಮಿಯಲ್ಲಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಒಂದು ಪಹಣಿಯಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹೆಸರಿರಬಹುದು. ದಾಖಲೆಯಲ್ಲಿ ಒಂದಾಗಿರುವುದು ನೆಲದ ಮೇಲೆ ಹತ್ತು ಮನೆಯ ಸಾಗುವಳಿಯಾಗಿರುತ್ತದೆ.

ಎಣಿಸಿದ್ದು ಯಾವ ತಿಂಗಳು?

2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಉಲ್ಲೇಖದ ಗಳಿಗೆ ಮಾರ್ಚ್ 1ರ ಮಧ್ಯರಾತ್ರಿ 00.00. ಆ ಇಪ್ಪತ್ತು ದಿನದಲ್ಲಿ ತನ್ನ ಮನೆಯಲ್ಲಿ ಸ್ವಲ್ಪ ಹೊತ್ತಾದರೂ ಇದ್ದವನನ್ನು ಅಲ್ಲೇ ಎಣಿಸುತ್ತಾರೆ, ಪೂರ್ತಿ ಇಲ್ಲದವನನ್ನು ಸಿಕ್ಕಿದಲ್ಲಿ. ಫೆಬ್ರುವರಿ ಎಂದರೆ ಕೊಡಗಿನಲ್ಲಿ ರೊಬಸ್ಟಾ ಕೊಯ್ಲಿನ ನಟ್ಟನಡು. ಕೊಯ್ಲಿಗೆಂದು ಬಂದು ಲೈನ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದವರು ಕೊಡಗಿನ ಲೆಕ್ಕಕ್ಕೇ ಬರುತ್ತಾರೆ. ಜುಲೈ ಮಳೆಯಲ್ಲಿ ಅದೇ ಊರಿನ ಜನ ಬೇರೆ, ಸಂಖ್ಯೆಯೂ ಬೇರೆ. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬೆಳಗ್ಗೆ ಜೀಪಿನಲ್ಲಿ ಬಂದು ಸಂಜೆ ಮರಳುವವರು ಯಾವ ತಿಂಗಳಲ್ಲೂ ಇಲ್ಲಿನ ಲೆಕ್ಕಕ್ಕಿಲ್ಲ, ತೋಟದ ಕೆಲಸ ಮಾತ್ರ ಅವರ ಮೇಲೂ ನಿಂತಿದೆ.

ಹೀಗಾಗಿ ಊರು ಸುತ್ತುವ ಕೆಲಸವನ್ನು ಎರಡು ಸಲ ಇಟ್ಟುಕೊಳ್ಳಿ: ಫೆಬ್ರುವರಿಯಲ್ಲಿ ಒಮ್ಮೆ, ಜುಲೈ ಅಥವಾ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಒಂದೇ ಸಲ ಸಾಧ್ಯವೆಂದಾದರೆ ಯಾವ ತಿಂಗಳು ಎಂಬುದನ್ನು ಶೀರ್ಷಿಕೆಯಲ್ಲೇ ಹಾಕಿ. ಲೈನ್ ಮನೆಯಲ್ಲಿ ‘ನಿಮ್ಮೂರು ಯಾವುದು?’ ಎಂದು ಕೇಳಿದರೆ ಉತ್ತರ ಕೆಲಸಕ್ಕೆ ಬರುವುದಿಲ್ಲ; ಮೂವತ್ತು ವರ್ಷದಿಂದ ಇಲ್ಲಿರುವವರೂ ಅಜ್ಜನ ಊರು ಹೇಳುತ್ತಾರೆ. ಮೂರು ಪ್ರಶ್ನೆ ಸಾಕು: ‘ನಿನ್ನೆ ರಾತ್ರಿ ಈ ಮನೆಯಲ್ಲಿ ಎಷ್ಟು ಜನ ಮಲಗಿದ್ರಿ?’, ‘ಹೋದ ಮಳೆಗಾಲದಲ್ಲಿ ಎಲ್ಲಿದ್ರಿ?’, ‘ರೇಷನ್ ಕಾರ್ಡ್ ಯಾವ ಊರಿನದು?’ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದವರಿರುವ ತೋಟದಲ್ಲಿ ಹಿಂದಿ ಅಥವಾ ಬಂಗಾಳಿ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ರೈಟರ್ (ತೋಟದ ಮೇಲ್ವಿಚಾರಕ) ಪಕ್ಕದಲ್ಲಿ ನಿಂತಿದ್ದರೆ ಕೂಲಿ, ಮುಂಗಡ, ಮಕ್ಕಳ ಶಾಲೆಯ ಮಾತು ಬಾಯಿಗೆ ಬರುವುದಿಲ್ಲ, ಆ ಪ್ರಶ್ನೆಗಳನ್ನು ಸಂಜೆಗೆ ಇಡಿ.

ಸಮುದಾಯಗಳನ್ನು ಬರೆಯುವಾಗ

ಗ್ರಾಮ ಮಟ್ಟದಲ್ಲಿ ಜನಗಣತಿ ಕೊಡುವುದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಒಟ್ಟು ಸಂಖ್ಯೆಯನ್ನು ಮಾತ್ರ. ಧರ್ಮ, ಮಾತೃಭಾಷೆಯ ಕೋಷ್ಟಕಗಳು ಹಳ್ಳಿಯವರೆಗೆ ಇಳಿಯುವುದಿಲ್ಲ. ಬೇರೆ ಜಾತಿಗಳ ಎಣಿಕೆ 2011ರ ಜನಗಣತಿಯಲ್ಲಿ ಇಲ್ಲವೇ ಇಲ್ಲ. ಆ ಖಾಲಿಯನ್ನು ಭಾಷೆಯ ಅಂಕಿಯಿಂದ ತುಂಬಲು ಹೋಗುವುದು ಪದೇ ಪದೇ ಕಾಣುವ ತಪ್ಪು. ದೇಶದಲ್ಲಿ ಕೊಡವ ತಕ್ಕ್ ಮಾತೃಭಾಷೆ ಎಂದವರು 1,13,857. ಇದು ಕೊಡವ ಜನಾಂಗದ ಸಂಖ್ಯೆಯಲ್ಲ. ಅಮ್ಮಕೊಡವರು, ಹೆಗ್ಗಡೆ, ಐರಿ, ಕೆಂಬಟ್ಟಿ ಮುಂತಾದವರ ಮನೆಮಾತೂ ಅದೇ.

ಭಾಷೆಯ ಕೋಷ್ಟಕವನ್ನು ಮೇಲಿನ ಸಾಲಿಗೇ ನಿಲ್ಲಿಸಿದರೂ ಮೋಸ ಹೋಗುತ್ತೇವೆ. ಎರವರ ಮಾತನ್ನು ಜನಗಣತಿ ಮಲಯಾಳದ ಕೆಳಗಿಡುತ್ತದೆ, ಕುರುಬರ ಮಾತನ್ನು ಕನ್ನಡದ ಕೆಳಗೆ. ದೇಶದಾದ್ಯಂತ ಹತ್ತು ಸಾವಿರಕ್ಕಿಂತ ಕಡಿಮೆ ಜನ ಹೇಳಿದ ಮಾತೃಭಾಷೆ ‘ಇತರೆ’ಯಲ್ಲಿ ಕರಗುತ್ತದೆ. ಭಾಷೆಯ ಸಾಲನ್ನು ಬಿಡಿಸಿ, ಅದರ ಅಡಿಯ ಮಾತೃಭಾಷೆಗಳ ಸಾಲಿಗೆ ಇಳಿಯಿರಿ. ಅರೆಭಾಷೆಯಂಥ ಮಾತುಗಳಿಗೆ ಜನಗಣತಿಗಿಂತ ಊರಲ್ಲೇ ಕೇಳಿ ತಿಳಿಯುವುದು ಲೇಸು. ‘ಮನೆಯಲ್ಲಿ ಯಾವ ಮಾತು ಆಡ್ತೀರಿ?’ ಎಂದರೆ ಜನ ನಿರಾಳವಾಗಿ ಹೇಳುತ್ತಾರೆ, ಜಾತಿ ಕೇಳಿ ಶುರುಮಾಡಿದರೆ ಮುಂದಿನ ಉತ್ತರಗಳೆಲ್ಲ ಬಿಗಿಯಾಗುತ್ತವೆ.

ಪರಿಶಿಷ್ಟ ಪಂಗಡದವರು ಜಿಲ್ಲೆಯಲ್ಲಿ ಸುಮಾರು ಶೇ 10.5, ರಾಜ್ಯದಲ್ಲಿ ಶೇ 7. ಪಂಗಡವಾರು ಪಟ್ಟಿಯನ್ನು ಕಾನೂನಿನ ಪಟ್ಟಿಯೊಂದಿಗೆ ಇಟ್ಟು ಓದಿ. ‘ಕುರುಬ’ ಎಂಬ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವುದು ಕೊಡಗು ಜಿಲ್ಲೆಗೆ ಸೀಮಿತವಾಗಿ. ಜೇನುಕುರುಬ, ಕಾಡುಕುರುಬ ಬೇರೆ ನಮೂದುಗಳು. ಕಾಡುಕುರುಬದ ಜೊತೆಗೆ ಬೆಟ್ಟಕುರುಬ ಎಂಬ ಹೆಸರನ್ನೂ ಸೇರಿಸಲು ಸಂಸತ್ತು ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಹಾಗಾಗಿ 2011ರ ಪಟ್ಟಿಯಲ್ಲಿ ಬೆಟ್ಟಕುರುಬರನ್ನು ಹುಡುಕಿ, ಕಾಣದೆ, ‘ಇಲ್ಲ’ ಎಂದು ಬರೆಯಬೇಡಿ.

ನೆಲೆಗಳ ಪಟ್ಟಿ

ಕಂದಾಯ ಗ್ರಾಮ ಬೇರೆ, ಜನ ವಾಸಿಸುವ ನೆಲೆ ಬೇರೆ. ಒಂದು ಗ್ರಾಮದ ಹೆಸರಿನಡಿ ಐನ್‌ಮನೆಗಳ (ಮನೆತನದ ಮೂಲಮನೆಗಳ) ಸುತ್ತಲಿನ ಮನೆಗಳು, ಎರಡು ಪೈಸಾರಿ, ಒಂದು ಹಾಡಿ, ಏಳೆಂಟು ಎಸ್ಟೇಟಿನ ಲೈನ್‌ಗಳು ಇರಬಹುದು. ಪ್ರತಿ ಗ್ರಾಮಕ್ಕೂ ಒಂದು ಹಾಳೆ ಮಾಡಿ ಎಲ್ಲ ನೆಲೆಗಳ ಹೆಸರು, ಮನೆಗಳ ಸಂಖ್ಯೆ, ಬೀಗ ಹಾಕಿದ ಮನೆಗಳ ಸಂಖ್ಯೆ, ಹತ್ತಿರದ ಅಂಗನವಾಡಿಯ ದೂರ ಬರೆದುಕೊಳ್ಳಿ. ಹೆಸರುಗಳನ್ನು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ನ್ಯಾಯಬೆಲೆ ಅಂಗಡಿಯವರು, ವಾಟರ್‌ಮ್ಯಾನ್ ನಾಲ್ವರಿಂದಲೂ ಬೇರೆ ಬೇರೆಯಾಗಿ ಕೇಳಿ. ನಾಲ್ಕು ಪಟ್ಟಿಯೂ ಒಂದೇ ಆಗಿರುವುದಿಲ್ಲ. ಒಬ್ಬರ ಪಟ್ಟಿಯಲ್ಲಷ್ಟೇ ಇರುವ ನೆಲೆಗೆ ಮೊದಲು ಹೋಗಿ, ಸೌಲಭ್ಯ ತಲುಪದವರು ಸಿಗುವುದು ಅಲ್ಲೇ.

ಆಶಾ ಒಬ್ಬರಿಗೆ ಸಾವಿರ ಜನ, ಅಂಗನವಾಡಿಗೆ 400ರಿಂದ 800 ಜನ ಎಂಬ ಮಾನದಂಡ ಅಂದಾಜಿಗೆ ಸಹಾಯಕ, ಎಣಿಕೆಗೆ ಬದಲಿಯಲ್ಲ. ಮತದಾರರ ಪಟ್ಟಿಯಲ್ಲಿ 18 ದಾಟಿದವರು ಮಾತ್ರ, ಬೆಂಗಳೂರು ಸೇರಿದವರ ಹೆಸರೂ ಉಳಿದಿರುತ್ತದೆ. ಜನನ ನೋಂದಣಿ ನಡೆಯುವುದು ಹೆರಿಗೆಯಾದ ಜಾಗದಲ್ಲಿ, ತಾಯಿಯ ಊರಲ್ಲಿ ಅಲ್ಲ. ಆ ಅಂಕಿ ನಂಬಿದರೆ ದೊಡ್ಡಾಸ್ಪತ್ರೆಯಿರುವ ಮಡಿಕೇರಿಯಲ್ಲಿ ಮಕ್ಕಳೋ ಮಕ್ಕಳು, ಹಳ್ಳಿಗಳಲ್ಲಿ ಯಾರೂ ಹುಟ್ಟುವುದೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತು ಜಿಲ್ಲೆಗೆ ಸರಾಸರಿ ಸುಮಾರು 900 ಮನೆ ನೋಡಿದೆ. ಜಿಲ್ಲೆಗೆ ಅದು ಸಾಕು, ತಾಲ್ಲೂಕಿಗೆ ಒಡೆಯಬಾರದು.

2011ರ ಅಂಕಿಗೆ ಬೆಳವಣಿಗೆ ದರ ಹಚ್ಚಿ ಇವತ್ತಿನ ಗ್ರಾಮವಾರು ಜನಸಂಖ್ಯೆ ತೆಗೆಯುವುದನ್ನು ಬಿಟ್ಟುಬಿಡಿ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಕ್ಕಂದೂರು ಕಡೆಯ ಕುಟುಂಬಗಳು ಮನೆ ಕಳೆದುಕೊಂಡವು. ಸಂತ್ರಸ್ತರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಬಡಾವಣೆಗಳಾದವು. ಯಾವ ದರವೂ ಇದನ್ನು ಹಿಡಿಯದು.

ಕರಡು ಸಿದ್ಧವಾದ ಮೇಲೆ ಆಯಾ ಊರಿನ ಹಾಳೆಯನ್ನು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಿದ್ದುಪಡಿಯನ್ನು ಅಲ್ಲೇ ಬರೆದುಕೊಳ್ಳಿ. ಹತ್ತಕ್ಕಿಂತ ಕಡಿಮೆ ಮನೆಗಳ ನೆಲೆಗೆ ಸಮುದಾಯದ ಹೆಸರು, ಕಾಯಿಲೆ, ಸಾಲ ಇವುಗಳನ್ನು ಸೇರಿಸಿ ಪ್ರಕಟಿಸಬೇಡಿ, ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಪ್ರತಿ ಕೋಷ್ಟಕದ ಕೆಳಗೂ ಯಾವ ವರ್ಷ, ಯಾವ ತಿಂಗಳಿನ ಅಂಕಿ ಎಂದಿರಲಿ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1, ಎಣಿಕೆ ಮತ್ತೆ ರೊಬಸ್ಟಾ ಕೊಯ್ಲಿನ ಫೆಬ್ರುವರಿಯಲ್ಲೇ. ಜುಲೈ ತಿಂಗಳ ನಿಮ್ಮ ನೆಲೆಪಟ್ಟಿಯನ್ನು ಕಾಪಾಡಿಟ್ಟರೆ, ಹೊಸ ಗ್ರಾಮವಾರು ಅಂಕಿ ಬಂದಾಗ ಮಳೆಗಾಲದ ಊರಿಗೂ ಕೊಯ್ಲಿನ ಊರಿಗೂ ಎಷ್ಟು ತಲೆಗಳ ಅಂತರ ಎಂದು ಲೆಕ್ಕ ಹಾಕಬಹುದು.