ಪಕ್ಕದ ತೋಟದ ನಾಯಿ ನಿಮ್ಮ ಆಡು ಹಿಡಿದರೆ ಏನು ಮಾಡಬೇಕು?

ಮೊದಲು ಹೋಗಿದ್ದು ಮೂರು ಕೋಳಿ. ಪಕ್ಕದ ತೋಟದವರು, ದಿನಾ ಮುಖ ನೋಡಬೇಕಾದವರು, ಹೋಗಲಿ ಬಿಡು ಅಂತ ಸುಮ್ಮನಾದೆ. ತಿಂಗಳು ಕಳೆಯಿತು. ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ರಾತ್ರಿ ಅದೇ ನಾಯಿ ಕೊಟ್ಟಿಗೆಯ ಹಲಗೆ ಕೆಳಗೆ ಮಣ್ಣು ಕೆದರಿ ಒಳಗೆ ನುಗ್ಗಿ ಎರಡು ಆಡು ಕೊಂದಿತು. ಕೇಳಲು ಹೋದರೆ, "ನಮ್ಮ ನಾಯಿ ಹಾಗೆಲ್ಲ ಮಾಡೋದೇ ಇಲ್ಲ, ಇದುವರೆಗೆ ಒಬ್ಬರೂ ದೂರು ಹೇಳಿಲ್ಲ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನಾನು ಹೇಳಿರಲೇ ಇಲ್ಲ.

ಅದಕ್ಕೇ ಹೇಳುತ್ತಿರುವುದು, ಬಾಯಿ ಮೆತ್ತಗಿರಲಿ, ಆದರೆ ಮೊದಲ ಕೋಳಿ ಹೋದ ದಿನವೇ ಕಾಗದ ಶುರು ಮಾಡಿ.

ಆ ಕ್ಷಣದಲ್ಲಿ

ನಾಯಿ ಕಚ್ಚಿ ಹಿಡಿದಿರುವಾಗ ಮಧ್ಯೆ ಕೈ ಹಾಕಬೇಡಿ. ಆಡನ್ನೋ ನಮ್ಮ ಮನೆ ನಾಯಿಯನ್ನೋ ಬಿಡಿಸಲು ಹೋಗಿ ಬೆರಳು ಕಳೆದುಕೊಳ್ಳುವುದು ಬೇಡ. ಒಂದು ಬಕೆಟ್ ನೀರು ಮುಖಕ್ಕೆ ಎರಚಿ, ಗೋಣಿಚೀಲ ಎಸೆಯಿರಿ, ಹಲಗೆ ಅಡ್ಡ ಹಿಡಿಯಿರಿ. ಬಿಟ್ಟ ಮೇಲೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಅರಿಶಿನ, ಕಾಫಿ ಪುಡಿ ತುಂಬಬೇಡಿ. ನಾಯಿ ಹಲ್ಲಿನ ಗಾಯ ಹೊರಗೆ ಸಣ್ಣ ತೂತು, ಒಳಗೆ ಆಳ. ನಮ್ಮ ಮಳೆಗಾಲದಲ್ಲಿ ಅದಕ್ಕೆ ಹುಳ ಬೀಳಲು ಜಾಸ್ತಿ ದಿನ ಬೇಡ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಆಂಬುಲೆನ್ಸ್ ನಂಬರ್.

ಮನುಷ್ಯರಿಗೂ ಹಲ್ಲು ತಾಗಿದ್ದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ. ಒಂದೆರಡು ಇಂಜೆಕ್ಷನ್ ತೆಗೆದುಕೊಂಡು ಗಾಯ ಒಣಗಿತು ಅಂತ ಬಿಡುವವರು ನಮ್ಮಲ್ಲಿ ತುಂಬಾ ಜನ. ಹಾಗೆ ಮಾಡಬೇಡಿ, ಕೋರ್ಸ್ ಮುಗಿಸಿ.

ನಾಯಿಯೇ ಅಂತ ಗೊತ್ತಾ?

ಬೇರೆ ಎಷ್ಟೋ ಜಿಲ್ಲೆಯವರಿಗೆ ಈ ತಲೆಬಿಸಿ ಅಷ್ಟಾಗಿ ಇಲ್ಲ. ನಮ್ಮಲ್ಲಿ ಹುಲಿ ಇದೆ, ಚಿರತೆ ಇದೆ, ಕಾಡಂಚಿನಲ್ಲಿ ಸೀಳುನಾಯಿಯೂ ಇದೆ. ಬೆಳಿಗ್ಗೆ ಎದ್ದು ನೋಡಿದರೆ ಆಡು ಸತ್ತಿದೆ ಅಷ್ಟೇ, ಯಾರೂ ಕಂಡಿಲ್ಲ ಅನ್ನುವಾಗ ನೇರ ಪಕ್ಕದ ಮನೆಗೆ ಜಗಳಕ್ಕೆ ಹೋಗಬೇಡಿ. ಚಿರತೆ ಸಾಮಾನ್ಯವಾಗಿ ಕುತ್ತಿಗೆ ಹಿಡಿದು ಕೊಂದು, ಎಳೆದುಕೊಂಡು ಹೋಗುತ್ತದೆ. ಸಾಕುನಾಯಿಗೆ ಅಷ್ಟು ಕಸುಬು ಗೊತ್ತಿಲ್ಲ. ಹಿಂಗಾಲು, ಬಾಲ, ಕಿವಿ ಅಂತ ಸಿಕ್ಕಲ್ಲೆಲ್ಲ ಹರಿದಿರುತ್ತದೆ, ಎರಡು ಮೂರನ್ನು ಕೊಂದು ತಿನ್ನದೇ ಬಿಟ್ಟು ಹೋಗಿರುತ್ತದೆ. ಕೆಸರಲ್ಲಿ ಹೆಜ್ಜೆ ನೋಡಿ. ನಾಯಿ ಹೆಜ್ಜೆಯಲ್ಲಿ ಉಗುರಿನ ಗುರುತು ಇರುತ್ತದೆ. ಹುಲಿ, ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ, ಅದಕ್ಕೇ ಗುರುತು ಮೂಡುವುದಿಲ್ಲ. ಅನುಮಾನ ಇದ್ದರೆ ಸತ್ತ ಪ್ರಾಣಿಯನ್ನು ಕದಲಿಸದೆ ಅರಣ್ಯ ಇಲಾಖೆಯವರನ್ನು ಕರೆಯಿರಿ. ಕಾಡುಪ್ರಾಣಿ ಅಂತಾದರೆ ಪರಿಹಾರ ಆ ಇಲಾಖೆಯಿಂದ ಬರುತ್ತದೆ, ಪಕ್ಕದವರಿಂದಲ್ಲ.

ಹೂಳುವ ಮುಂಚೆ

ಬೇಜಾರಲ್ಲಿ ತಕ್ಷಣ ಗುಂಡಿ ತೆಗೆದು ಹೂತುಬಿಡುತ್ತೇವೆ. ಅಲ್ಲಿಗೆ ಸಾಕ್ಷಿಯೂ ಮಣ್ಣಿಗೆ ಹೋಯಿತು. ಗಾಯದ ಹತ್ತಿರದ ಫೋಟೋ, ಕೊಟ್ಟಿಗೆಯ ಫೋಟೋ, ನಾಯಿ ಸಿಕ್ಕರೆ ಅದರ ಬೆಲ್ಟ್ ಕಾಣುವ ಹಾಗೆ ಒಂದು ವಿಡಿಯೋ ತೆಗೆದುಕೊಳ್ಳಿ. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಪ್ರಾಣಿಯ ವಯಸ್ಸು, ಅಂದಾಜು ಬೆಲೆ, ಸಾವಿಗೆ ಕಾರಣ ಇರುವ ಕಾಗದ ಪಡೆಯಿರಿ. ವಿಮೆ ಇದ್ದರೆ ಕಿವಿಗೆ ಹಾಕಿದ ನಂಬರಿನ ಓಲೆ ತೆಗೆಯಬೇಡಿ, ವಿಮೆಯವರಿಗೆ ಅವತ್ತೇ ತಿಳಿಸಿ. ವಿಮೆ ಇಲ್ಲದವರು, ಸತ್ತ ಜಾನುವಾರಿಗೆ ಸರ್ಕಾರ ಪರಿಹಾರ ಕೊಡುವ ಅನುಗ್ರಹ ಯೋಜನೆ ನಿಮಗೆ ಅನ್ವಯಿಸುತ್ತದೋ ಅಂತ ಅದೇ ವೈದ್ಯರನ್ನು ಕೇಳಿ.

ಕಚ್ಚಿಸಿಕೊಂಡು ಬದುಕಿರುವ ದನ, ಆಡುಗಳಿಗೂ ರೇಬೀಸ್ ಲಸಿಕೆ ಕೊಡುತ್ತಾರೆ. ಆ ದನದ ಹಸಿ ಹಾಲು ಕುಡಿಯುವುದು ಬೇಡ. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿ ಹಾಕಿ ನೋಡಬೇಕು, ಅಷ್ಟರೊಳಗೆ ಅದು ಕಾಯಿಲೆ ಬಿದ್ದರೆ ಅಥವಾ ಸತ್ತರೆ ಕೂಡಲೇ ವೈದ್ಯರಿಗೆ ಹೇಳಬೇಕು. ಲಸಿಕೆ ಕಾರ್ಡ್ ತೋರಿಸಿ ಅಂತ ಪಕ್ಕದವರನ್ನು ಕೇಳಲು ಸಂಕೋಚ ಬೇಡ.

ಮಾತು, ಆಮೇಲೆ ಚೀಟಿ

ಸಿಟ್ಟು ಇಳಿದ ಮೇಲೆ ಹೋಗಿ. ಬೆಳಗಿನ ಕಾಫಿ ಹೊತ್ತು ಒಳ್ಳೆಯದು, ಸಂಜೆ ಮೇಲೆ ಬೇಡವೇ ಬೇಡ, ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ? "ಅಣ್ಣಾ, ನಿಮ್ಮ ನಾಯಿ ನಿನ್ನೆ ಹೀಗೆ ಮಾಡಿದೆ, ಫೋಟೋ ಇದೆ, ರಾತ್ರಿ ಕಟ್ಟಿ ಹಾಕಿ" ಅಂತ ಶುರು ಮಾಡಿ. ನಾಯಿ ಸಾಕಲೇಬೇಡಿ ಅನ್ನಲು ನಮಗೆ ಬಾಯಿಲ್ಲ. ಮೆಣಸು ಕಳ್ಳರ ಕಾಟಕ್ಕೆ, ಹಂದಿ ಕಾಟಕ್ಕೆ ತೋಟದಲ್ಲಿ ನಾಯಿ ಬೇಕೇ ಬೇಕು.

ಮನೆಗೆ ಬಂದು ಅದೇ ಮಾತನ್ನು ವಾಟ್ಸಾಪಿನಲ್ಲಿ ಬರೆದು ಕಳುಹಿಸಿ. ಇಷ್ಟು ಸಾಕು: "ದಿನಾಂಕ ಇಂಥದ್ದು, ರಾತ್ರಿ ಇಷ್ಟು ಗಂಟೆಗೆ ನಿಮ್ಮ ಕಂದು ಬಣ್ಣದ ನಾಯಿ ನಮ್ಮ ಎರಡು ಆಡು ಕೊಂದಿದೆ. ಇದರ ಹಿಂದೆ ಮೂರು ಕೋಳಿ ಹೋಗಿವೆ. ಇನ್ನು ಮುಂದೆ ಕಟ್ಟಿ ಹಾಕಿ, ಆಡಿನ ಬೆಲೆ ಕೊಡಿ." ಇದು ಯಾಕೆ ಬೇಕು ಅಂದರೆ, ನಾಯಿ ಅಪಾಯಕಾರಿ ಅಂತ ಗೊತ್ತಿದ್ದೂ ಬಿಟ್ಟಿದ್ದರು ಅನ್ನುವುದೇ ಮುಂದೆ ನಷ್ಟ ಕೇಳುವಾಗ ನಿಮ್ಮ ಮುಖ್ಯ ಬಲ. ಗೊತ್ತಿತ್ತು ಅಂತ ತೋರಿಸುವುದು ಈ ಚೀಟಿ.

ಮಾಲೀಕರು ಬೆಂಗಳೂರಲ್ಲಿ, ನಾಯಿಗೆ ಅನ್ನ ಹಾಕುವುದು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್. ಹೀಗಿದ್ದರೆ ಇಬ್ಬರಿಗೂ ಕಳುಹಿಸಿ. ಕಾನೂನು ನೋಡುವುದು ನಾಯಿ ಯಾರ ಸುಪರ್ದಿಯಲ್ಲಿದೆ ಅಂತ. ಊರಿನ ಮುಖ್ಯಸ್ಥರಾದ ತಕ್ಕರೋ ಇಬ್ಬರಿಗೂ ಬೇಕಾದ ಹಿರಿಯರೋ ಕೂತು ಮುಗಿಸಿದರೆ ತುಂಬಾ ಒಳ್ಳೆಯದು, ಆದರೆ ಅದನ್ನೂ ಬರೆದು ಇಬ್ಬರೂ ಸಹಿ ಹಾಕಿ.

ಕೇಳದಿದ್ದರೆ

ಪಂಚಾಯಿತಿ ಪಿಡಿಒಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ಪೊಲೀಸ್ ಠಾಣೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಸಾಕುಪ್ರಾಣಿಯನ್ನು ಅಪಾಯ ಆಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಆ ಸೆಕ್ಷನ್ ಮಾತಾಡುವುದು ಮನುಷ್ಯರ ಜೀವಕ್ಕೆ ಅಥವಾ ಅವರಿಗೆ ತೀವ್ರ ಗಾಯವಾಗುವ ಅಪಾಯದ ಬಗ್ಗೆ, ಆಡಿನ ಬಗ್ಗೆ ಅಲ್ಲ. ಬರೀ ಆಡು ಸತ್ತಿದೆ ಅಂತ ಬರೆದರೆ "ಇದು ಸಿವಿಲ್ ವಿಷಯ" ಅನ್ನುವ ಹಿಂಬರಹ ಕೊಟ್ಟು ಕಳುಹಿಸಬಹುದು. ನಾಯಿ ಶಾಲೆ ಮಕ್ಕಳನ್ನು ಅಟ್ಟಿಸಿಕೊಂಡು ಹೋಗಿದ್ದರೆ, ಲೈನ್ ಮನೆಯ ತೋಟದ ಕಾರ್ಮಿಕರ ಮೇಲೆ ಎಗರಿದ್ದರೆ ಅದನ್ನು ದಿನಾಂಕ ಹಾಕಿ ಬರೆಯಿರಿ. ನಡೆಯದ್ದನ್ನು ಮಾತ್ರ ಸೇರಿಸಬೇಡಿ. ಎಷ್ಟೋ ಸಲ ಠಾಣೆಯಲ್ಲಿ ಕರೆಸಿ ಮುಚ್ಚಳಿಕೆ ಬರೆಸಿಕೊಂಡರೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಇನ್ನೊಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಲು ಅಥವಾ ಬೇರೆ ವಿಲೇವಾರಿ ಮಾಡಲು ಉಪವಿಭಾಗದ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ನಮಗೆ ಅದು ಮಡಿಕೇರಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿ. ಊರಿನ ನಾಲ್ಕು ಮನೆಯವರು ಸೇರಿ ಅರ್ಜಿ ಹಾಕಿದರೆ ತೂಕ ಜಾಸ್ತಿ. ಆಡಿನ ದುಡ್ಡಿಗೆ ಮಾತ್ರ ಸಿವಿಲ್ ಕೋರ್ಟೇ. ಅದಕ್ಕೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗೆ ಪ್ರಯತ್ನಿಸಿ, ಸಹಾಯವಾಣಿ 15100.

"ಆ ಜಾತಿ ನಾಯಿ ನಿಷೇಧ ಆಗಿದೆ" ಅಂತ ವಾದ ಮಾಡಲು ಹೋಗಬೇಡಿ. ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮೇಲೆ ಕೇಂದ್ರ 2024ರ ಮಾರ್ಚಿನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಮರು ತಿಂಗಳೇ ನಮ್ಮ ಹೈಕೋರ್ಟ್ ರದ್ದು ಮಾಡಿತು. ನಮ್ಮ ಆಡು ಕೊಂದದ್ದು ನಾಟಿ ನಾಯಿಯೇ.

ಕೋವಿ ಗೋಡೆಯಲ್ಲೇ ಇರಲಿ

ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳದೆ ಆಗುವುದಿಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಮಾತ್ರ, ಪಕ್ಕದ ಮನೆ ನಾಯಿಗೆ ಗುಂಡು ಹೊಡೆಯಲು ಅಲ್ಲ. ನಾಯಿ ಬಿಟ್ಟವರಿಗೆ 6 ತಿಂಗಳಾದರೆ, ಪ್ರಾಣಿಯನ್ನು ಕೊಂದವರಿಗೆ, ವಿಷ ಹಾಕಿದವರಿಗೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು. ಆಡು ಕಳೆದುಕೊಂಡವರೇ ಆರೋಪಿ ಆಗುವುದು ಹೀಗೆ. ಇಟ್ಟ ವಿಷವನ್ನು ಪುನುಗು ಬೆಕ್ಕು ತಿಂದರೆ ವನ್ಯಜೀವಿ ಕಾಯ್ದೆ ಬೇರೆ ಬಂದು ಸುತ್ತಿಕೊಳ್ಳುತ್ತದೆ. ಕೊಂದರೆ ಆ 10 ದಿನ ನೋಡಲು ನಾಯಿಯೂ ಇರುವುದಿಲ್ಲ.

ಕೊಟ್ಟಿಗೆ

ಕೇಸು ನಡೆಯುವಷ್ಟು ದಿನ ಆಡು ಬದುಕಿರಬೇಕಲ್ಲ. ಆನೆಗೆ ಹಾಕಿದ ಸೋಲಾರ್ ಬೇಲಿಯ ಕೆಳಗೆ ನಾಯಿ ಆರಾಮಾಗಿ ನುಸುಳುತ್ತದೆ. ಕೊಟ್ಟಿಗೆ ಸುತ್ತ ತಂತಿ ಬಲೆ ಹಾಕಿ, ಕೆಳಗಿನ ಒಂದಡಿಯನ್ನು ಮಣ್ಣಲ್ಲಿ ಹೂತು ಮೇಲೆ ಕಲ್ಲು ಪೇರಿಸಿ. ನಾನು ಈ ಕೆಲಸ ಮಾಡಿದ್ದು ಆಡು ಹೋದ ಮೇಲೆ.

ಪಕ್ಕದವರು ಈಗ ಎರಡು ಸಿಲ್ವರ್ ಓಕ್ ಮರದ ನಡುವೆ ತಂತಿ ಎಳೆದು, ಅದಕ್ಕೆ ಸರಪಳಿ ಪೋಣಿಸಿ ನಾಯಿ ಕಟ್ಟಿದ್ದಾರೆ. ಅಷ್ಟು ದೂರ ಓಡಾಡಿಕೊಂಡು ಬೊಗಳುತ್ತಾ ತೋಟ ಕಾಯುತ್ತದೆ. ಬೀಜ ಒಡೆಸಿದ್ದರಿಂದ ಅಲೆಯುವುದೂ ಕಡಿಮೆಯಾಗಿದೆ. ಒಂದು ಆಡಿನ ದುಡ್ಡು ಮೆಣಸು ಮಾರಿದ ಮೇಲೆ ಕೊಟ್ಟರು. ಇನ್ನೊಂದಕ್ಕೆ ತಮ್ಮದೇ ಕೊಟ್ಟಿಗೆಯ ಹೆಣ್ಣು ಮರಿ ತಂದು ಬಿಟ್ಟರು. ಅದನ್ನೂ ಚೀಟಿಯಲ್ಲಿ ಬರೆಸಿಕೊಂಡೆ.