ತುಂಡು ತುಂಡಾಗಿ ಜೋಡಿಸಿದ ಲಡಾಖ್ ನಕ್ಷೆ: ನನ್ನ ಅನುಭವ

ಮಡಚಲೆಂದು ತುಂಡರಿಸಿ ಬಟ್ಟೆಗೆ ಅಂಟಿಸಿದ ಲಡಾಖ್‌ನ ಹಳೆಯ ನಕ್ಷೆಯನ್ನು ತುಂಡು ತುಂಡಾಗಿಯೇ ಜಿಯೋರೆಫರೆನ್ಸ್ ಮಾಡಬೇಕೆಂದು, ಅಂದರೆ ಕಂಪ್ಯೂಟರಿನಲ್ಲಿ ಇಂದಿನ ಭೂಮಿಯ ಮೇಲಿನ ಸರಿಯಾದ ಜಾಗಕ್ಕೆ ಕೂರಿಸಬೇಕೆಂದು, ನಾನು ಹೇಳಿದಾಗ, ಇದೇ ಕೆಲಸದಲ್ಲಿರುವ ಇಬ್ಬರು ಗೆಳೆಯರು ಅದನ್ನು ವ್ಯರ್ಥ ಶ್ರಮವೆಂದು ತಳ್ಳಿಹಾಕಿದ್ದರು. ಊರಿಲ್ಲದ, ದಾರಿಯಿಲ್ಲದ ಪೂರ್ವ ಲಡಾಖಿನ ಎತ್ತರದ ಬಯಲು ಚಾಂಗ್‌ಥಾಂಗ್‌ನ ತುಂಡುಗಳಿಗೆ ಕಂಟ್ರೋಲ್ ಪಾಯಿಂಟ್‌ಗಳನ್ನು (ನಕ್ಷೆಯಲ್ಲೂ ನೆಲದಲ್ಲೂ ಗುರುತಿಸಬಹುದಾದ ಜಾಗಗಳನ್ನು) ಎಲ್ಲಿಂದ ತರುತ್ತೀ ಎಂಬುದು ಅವರ ಪ್ರಶ್ನೆಯಾಗಿತ್ತು. ಇಂದು ಆ ಹಾಳೆ ಸರಾಸರಿ ಇನ್ನೂರು ಮೀಟರ್ ವ್ಯತ್ಯಾಸದೊಳಗೆ ಕೂತಿದೆ. ಇಂಚಿಗೆ ನಾಲ್ಕು ಮೈಲಿ ಪ್ರಮಾಣದಲ್ಲಿ ಅದು ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ಬ್ರಿಟಿಷ್ ಸರ್ವೇಯರ್ ಮಾಂಟ್‌ಗಮರಿ ನೇತೃತ್ವದಲ್ಲಿ 1855ರಲ್ಲಿ ಆರಂಭವಾದ ಕಾಶ್ಮೀರ ಸರ್ವೆಯನ್ನು ಆಧರಿಸಿದ ಈ ಹಾಳೆಗೆ ನಾನು ಹದಿನಾಲ್ಕು ಸಾವಿರ ರೂಪಾಯಿಯಷ್ಟು ಕೊಟ್ಟಿದ್ದೆ, ಸ್ಕ್ಯಾನಿಂಗಿಗೆ ಇನ್ನೆರಡು ಸಾವಿರ ಹೋಯಿತು. ಮೊದಲ ಸಲ ಇಡೀ ಹಾಳೆಯನ್ನು ಒಂದೇ ಚಿತ್ರವಾಗಿ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶಕ್ಕೆ ಹಾಕಿದಾಗ ಲೇಹ್ ಪೂರ್ವಕ್ಕೆ ಮೂರೂಮುಕ್ಕಾಲು ಕಿಲೋಮೀಟರ್ ಸರಿದು ಕೂತಿತು. 1905ಕ್ಕೆ ಮೊದಲಿನ ಹಾಳೆಗಳ ರೇಖಾಂಶದಿಂದ 2 ನಿಮಿಷ 27 ಸೆಕೆಂಡು ಕಳೆಯಬೇಕೆಂಬುದನ್ನು ಮರೆತು, ಎರಡು ವಾರ ಡೇಟಮ್‌ನಲ್ಲಿ (ಅಕ್ಷಾಂಶ ರೇಖಾಂಶಗಳನ್ನು ಅಳೆಯಲು ಆಧಾರವಾದ ಭೂಮಿಯ ಮಾದರಿಯಲ್ಲಿ) ತಪ್ಪು ಹುಡುಕುತ್ತಿದ್ದೆ.

ಅದನ್ನು ಸರಿಪಡಿಸಿದ ಮೇಲೂ ಒಂದು ಕಿಲೋಮೀಟರಿನಷ್ಟು ವ್ಯತ್ಯಾಸ ಉಳಿಯಿತು. ಚಿತ್ರವನ್ನು ಪಾಯಿಂಟ್‌ಗಳಿಗೆ ಸರಿಯಾಗಿ ಎಳೆದು ಬಗ್ಗಿಸುವ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನ ಕೊಟ್ಟರೆ ಪಾಯಿಂಟ್‌ಗಳಲ್ಲಿ ತಪ್ಪು ಸೊನ್ನೆಯಾಗುತ್ತಿತ್ತು, ಆದರೆ ನಡುವಿನ ಕಣಿವೆಗಳು ಸೊಟ್ಟಗಾಗುತ್ತಿದ್ದವು. ಕಾರಣ ಬಟ್ಟೆಯಲ್ಲಿತ್ತು. ಮಡಚಲೆಂದು ತುಂಡುಗಳ ನಡುವೆ ಬಿಟ್ಟ ಮೂರು ಮಿಲಿಮೀಟರ್ ಸಂದು ನೆಲದ ಮೇಲೆ ಮುಕ್ಕಾಲು ಕಿಲೋಮೀಟರ್ ಆಗುತ್ತದೆ! ಆದ್ದರಿಂದ ಪ್ರತಿಯೊಂದು ತುಂಡನ್ನೂ ಬೇರೆಯಾಗಿ ಕತ್ತರಿಸಿ, ಅಕ್ಷಾಂಶ ರೇಖಾಂಶಗಳ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹಾಯುವಂತೆ ಮೊದಲು ಅವುಗಳನ್ನೇ ಜೋಡಿಸಿದೆ. ನೆಲದ ಪಾಯಿಂಟ್‌ಗಳನ್ನು ಆಮೇಲಷ್ಟೇ ಕೊಟ್ಟೆ. ಕಾಗದ ಕುಗ್ಗಿದ ಪ್ರಮಾಣವನ್ನು ಹೇಗೆ ಅಳೆದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪಾಯಿಂಟ್‌ಗಳಿಗೆ ಗೊಂಪಾಗಳು (ಬೌದ್ಧ ಮಠಗಳು), ಶಿಖರಗಳು ಮತ್ತು ನಿಮ್ಮುವಿನ ಸಿಂಧೂ-ಝಾನ್ಸ್ಕಾರ್ ಸಂಗಮದಂತಹ ಬಂಡೆಗಳ ನಡುವಿನ ಕೂಡುಗಳು ಒದಗಿದವು. ಮರಳಿನಲ್ಲಿ ಕವಲೊಡೆದು ಹರಿಯುವ ಶ್ಯೋಕ್ ನದಿಯನ್ನೂ ತ್ಸೋ ಕರ್ ಸರೋವರದ ದಡವನ್ನೂ ನಂಬಿ ಒಂದು ತಿಂಗಳು ಕಳೆದುಕೊಂಡೆ. ಅವೆರಡೂ ಅಂದಿನ ಜಾಗದಲ್ಲಿ ಉಳಿದಿಲ್ಲ.

ನಡುವೆ ಕರೋನಾ ಎಂಬ ಅಮೆರಿಕದ ಹಳೆಯ ಬೇಹುಗಾರಿಕೆ ಉಪಗ್ರಹ ತೆಗೆದ ಮೂರು ಫೋಟೋ ಫ್ರೇಮ್‌ಗಳನ್ನು, ತಲಾ ಮೂವತ್ತು ಡಾಲರ್ ತೆತ್ತು ತರಿಸಿದೆ. ಒಂದರಲ್ಲಿ ಬರೀ ಹಿಮವಿತ್ತು. ಉಳಿದೆರಡರ ಅಂಚುಗಳು ಹಿಗ್ಗಿದ್ದರೂ, ಮಧ್ಯಭಾಗದಲ್ಲಿ ಕಂಡ ಹಳೆಯ ಕಾಲುದಾರಿಗಳು ನಕ್ಷೆಯ ದಾರಿಗಳೊಂದಿಗೆ ಹೊಂದಿದಾಗ ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. 1863ರಲ್ಲಿ ಅದೇ ಸರ್ವೆಯ ಗಾಡ್ವಿನ್-ಆಸ್ಟಿನ್ ಅಳೆದ ಪಾಂಗಾಂಗ್ ಸರೋವರದ ಸುತ್ತಲಿನ ಭಾಗ ಎಲ್ಲಕ್ಕಿಂತ ಚೆನ್ನಾಗಿ ಕೂತಿದೆ. ಉತ್ತರದ ಅಂಚಿನ ಎರಡು ತುಂಡುಗಳು ಮಾತ್ರ ಇನ್ನೂ ಆರುನೂರು ಮೀಟರ್ ಆಚೀಚೆ ಇವೆ.