ಲಂಡನ್‌ಗೆ ದೋಣಿಯಲ್ಲಿ ಹೋದೆವು: ಮರೀನಾ ಆರಿಸಿದ ನನ್ನ ಅನುಭವ

ಅಮ್ಮನಿಗೆ ಲಂಡನ್‌ನಲ್ಲಿ ನೋಡಬೇಕಿದ್ದದ್ದು ಒಂದೇ: ಥೇಮ್ಸ್ ದಂಡೆಯ ಬಸವಣ್ಣ. ಅಮ್ಮನ ತವರು ಧಾರವಾಡ. 2015ರಲ್ಲಿ ಆಲ್ಬರ್ಟ್ ಎಂಬಾಂಕ್‌ಮೆಂಟ್‌ನಲ್ಲಿ ಆ ಪ್ರತಿಮೆ ಅನಾವರಣ ಆದಾಗಿನಿಂದ ಫೋನಿನಲ್ಲಿ ಕೇಳುತ್ತಲೇ ಇದ್ದರು. ಅಪ್ಪ ಹೊನ್ನಾವರದವರು, ಶರಾವತಿಯ ಅಳಿವೆ ನೋಡುತ್ತ ಬೆಳೆದವರು. ಅವರಿಗೆ ನನ್ನ ದೋಣಿಯಲ್ಲೇ ಲಂಡನ್ ಸೇರಬೇಕು ಎಂಬ ಆಸೆ. ದೋಣಿ ಇರುವುದು ಕೆಂಟ್‌ನ ಮೆಡ್ವೇ ನದಿಯಲ್ಲಿ. 9 ಮೀಟರ್ ಉದ್ದದ ಹಾಯಿದೋಣಿ, ತಳ ನೀರಿನೊಳಗೆ 1.4 ಮೀಟರ್ ಇಳಿಯುತ್ತದೆ.

ಹೋಗುವುದು ಕಷ್ಟ ಅಲ್ಲ. ಹೋದ ಮೇಲೆ ಎಲ್ಲಿ ಕಟ್ಟುವುದು ಎನ್ನುವುದೇ ಪ್ರಶ್ನೆ. ಇದನ್ನು ನಾನು ಅದರ ಹಿಂದಿನ ವರ್ಷ ಕಲಿತಿದ್ದೆ.

ಆಗ ಒಬ್ಬ ಗೆಳೆಯನ ಜೊತೆ ಹೋಗಿದ್ದೆ. ಬಾಡಿಗೆ ಕಡಿಮೆ ಇದೆ ಅಂತ ಒಂದು ಮರೀನಾ, ಅಂದರೆ ಬಾಡಿಗೆಗೆ ದೋಣಿ ಕಟ್ಟುವ ಜಾಗ, ಗೊತ್ತು ಮಾಡಿದ್ದೆ. ನೀರಿನ ಸೆಳೆತ ಕಡಿಮೆ ಇರಲಿ ಅಂತ ಅಷ್ಟಮಿ ಕಳೆದ ಮೇಲಿನ ವಾರಾಂತ್ಯ ಹಿಡಿದಿದ್ದೆ. ಎರಡೂ ತಪ್ಪಾಯಿತು. ಅಷ್ಟಮಿ ಹೊತ್ತಿನಲ್ಲಿ ಉಬ್ಬರಕ್ಕೆ ಬಲ ಇರುವುದಿಲ್ಲ, ಹಾಗಾಗಿ ನಾವು ನಿಧಾನವಾಗಿ ಮೇಲೆ ಬಂದೆವು. ಆ ದಿನಗಳಲ್ಲಿ ಲಂಡನ್‌ನಲ್ಲಿ ನೀರು ತುಂಬುವುದೂ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ. ನಾವು ತಲುಪುವಾಗ ಲಾಕ್, ಅಂದರೆ ದೋಣಿಗಳನ್ನು ಒಳಗೆ ಬಿಡುವ ನೀರಿನ ಗೇಟು, ನಡೆಸುವವರು ಕೆಲಸ ಮುಗಿಸಿ ಹೋಗಿದ್ದರು. ಗೇಟಿನಾಚೆ ನಮ್ಮ ಜಾಗ ಕಾಣುತ್ತಿತ್ತು, ಒಳಗೆ ಹೋಗುವ ಹಾಗಿರಲಿಲ್ಲ. ರಾತ್ರಿಯೆಲ್ಲ ನದಿಯಲ್ಲೇ ಒಂದು ತೇಲುವ ಬೂಯ್‌ಗೆ ಕಟ್ಟಿಕೊಂಡು ಕಳೆದೆವು. ಬೆಳಗ್ಗೆ ಪ್ರಯಾಣಿಕರ ವೇಗದ ಕ್ಯಾಟಮರಾನ್‌ಗಳು ಓಡಾಡಲು ಶುರು ಮಾಡಿದ ಮೇಲಂತೂ ಒಂದು ಲೋಟ ಚಹಾ ಕೂಡ ನಿಲ್ಲಲಿಲ್ಲ.

ಯಾಕೆ ಹೀಗೆ? ಥೇಮ್ಸ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಕಳೆದ ಕೂಡಲೇ ಬರುವ ದೊಡ್ಡ ಉಬ್ಬರದಲ್ಲಿ ಲಂಡನ್ ಬ್ರಿಜ್ ಹತ್ತಿರ ನೀರು ಸುಮಾರು 7 ಮೀಟರ್ ಏರಿ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಸುಮಾರು ಎರಡು ಮೀಟರ್ ಇರಬಹುದು, ಅಷ್ಟೇ. ಇಷ್ಟು ಏರಿಳಿತ ಇರುವ ಕಡೆ ಮರೀನಾವನ್ನು ನದಿಗೆ ತೆರೆದಿಡುವುದು ಕಷ್ಟ. ಹಳೆಯ ಹಡಗುಕಟ್ಟೆಯ ಒಳಗೆ ನೀರನ್ನು ಹಿಡಿದಿಟ್ಟು, ಬಾಯಿಗೆ ಗೇಟು ಹಾಕಿರುತ್ತಾರೆ. ನದಿಯ ನೀರು ಸಾಕಷ್ಟು ಏರಿದಾಗ ಮಾತ್ರ ದೋಣಿ ಒಳಗೆ. ಅಪ್ಪನಿಗೆ ಇದನ್ನು ವಿವರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. "ಅಳಿವೆ ದಾಟೋಕೆ ಭರತ ಕಾಯ್ತಾರಲ್ಲ, ಹಾಗೇ ಅಲ್ವಾ?" ಎಂದರು. ಭರತ ಅಂದರೆ ಉಬ್ಬರ. ಹಾಗೇ. ಅಲ್ಲಿ ಮರಳು ದಿಬ್ಬ, ಇಲ್ಲಿ ಗೇಟು.

ಈ ಸಲ ಮೂರು ಕಡೆ ವಿಚಾರಿಸಿದೆ. ಮೂರೂ ಟವರ್ ಬ್ರಿಜ್‌ಗಿಂತ ಕೆಳಗೆ, ಸಮುದ್ರದ ಕಡೆಗೆ ಇವೆ. ಹಾಗಾಗಿ ನಮ್ಮ ಎತ್ತರದ ಹಾಯಿಕಂಬಕ್ಕಾಗಿ ಸೇತುವೆ ಎತ್ತಿಸುವ ಕೆಲಸ ಇಲ್ಲ.

ನದಿಯಲ್ಲಿ ಮೇಲೆ ಬರುವಾಗ ಗ್ರೀನಿಚ್ ದಾಟಿದ ಮೇಲೆ ಎಡಗಡೆ ಮೊದಲು ಸಿಗುವುದು ಸೌತ್ ಡಾಕ್. ಸದರ್ಕ್ ಕೌನ್ಸಿಲ್ ನಡೆಸುವ ಮರೀನಾ. ಇನ್ನೂರಕ್ಕೂ ಜಾಸ್ತಿ ದೋಣಿಗಳಿಗೆ ಜಾಗ ಇದೆ, ದೋಣಿ ಎತ್ತುವ ಕ್ರೇನ್ ಇದೆ, ದೋಣಿಯಲ್ಲೇ ಮನೆ ಮಾಡಿಕೊಂಡವರು ಬಹಳ ಜನ. ಪಕ್ಕದ ಗ್ರೀನ್‌ಲ್ಯಾಂಡ್ ಡಾಕ್ 1690ರ ದಶಕದಲ್ಲಿ ಅಗೆದದ್ದು, ತಿಮಿಂಗಿಲ ಬೇಟೆಯ ಹಡಗುಗಳಿಂದ ಆ ಹೆಸರು ಬಂತು. ದೋಣಿ ರಿಪೇರಿ ಇದ್ದಿದ್ದರೆ ನಾನು ಇಲ್ಲಿಗೇ ಹೋಗುತ್ತಿದ್ದೆ.

ಸ್ವಲ್ಪ ಮೇಲೆ ಬಲಗಡೆ ಲೈಮ್‌ಹೌಸ್. 1820ರ ಹಡಗುಕಟ್ಟೆ. ಇಲ್ಲಿಂದ ರೀಜೆಂಟ್ಸ್ ಕಾಲುವೆ ಹೊರಡುತ್ತದೆ, ಹಾಗಾಗಿ ಸಮುದ್ರದ ದೋಣಿಗಳ ಪಕ್ಕದಲ್ಲೇ ಕಾಲುವೆಯ ಉದ್ದನೆಯ ದೋಣಿಗಳು ನಿಂತಿರುತ್ತವೆ. ಕ್ರೂಸಿಂಗ್ ಅಸೋಸಿಯೇಷನ್ ಎಂಬ ದೋಣಿಯವರ ಸಂಘದ ಮನೆ ದಡದಲ್ಲೇ ಇದೆ. ನನಗೆ ತುಂಬ ಇಷ್ಟವಾದ ಜಾಗ ಇದು. ನಾನೊಬ್ಬನೇ ಇದ್ದಿದ್ದರೆ ಬೇರೆ ಯೋಚನೆಯೇ ಇರಲಿಲ್ಲ.

ಮೂರನೆಯದು ಸೇಂಟ್ ಕ್ಯಾಥರೀನ್ ಡಾಕ್ಸ್, ಟವರ್ ಬ್ರಿಜ್‌ಗೆ ಅಂಟಿಕೊಂಡೇ ಇದೆ. ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರ್ ಕಟ್ಟಿದ್ದು, 1828ರಲ್ಲಿ ತೆರೆದದ್ದು. ಬಾಡಿಗೆ ಜಾಸ್ತಿ. ಸುತ್ತ ಹೋಟೆಲು, ಜನ, ಸದ್ದು. ಲಾಕ್ ತೆರೆಯುವುದು ನೀರು ತುಂಬುವ ಎರಡು ಗಂಟೆ ಮೊದಲಿನಿಂದ ಸುಮಾರು ಒಂದೂವರೆ ಗಂಟೆ ನಂತರದವರೆಗೆ ಮಾತ್ರ, ಅದೂ ಸಿಬ್ಬಂದಿಯ ಕೆಲಸದ ಹೊತ್ತಿನೊಳಗೆ.

ಆದರೂ ಇದನ್ನೇ ಆರಿಸಿದೆ. ಕಾರಣ ಅಪ್ಪನ ಮಂಡಿ. ಗೇಟಿನಿಂದ ಟವರ್ ಹಿಲ್ ಸ್ಟೇಷನ್ ಕೆಲವೇ ನಿಮಿಷದ ನಡಿಗೆ. ಅಲ್ಲಿಂದ ಒಂದೇ ರೈಲಿನಲ್ಲಿ ವೆಸ್ಟ್‌ಮಿನ್‌ಸ್ಟರ್. ಎರಡೂ ಕಡೆ ಲಿಫ್ಟ್ ಇದೆ. ದಿನಕ್ಕೆ ಎರಡು ಸಲ ದೋಣಿಗೆ ಬಂದು ಮಲಗಿ ಮತ್ತೆ ಹೊರಡಬೇಕಾದವರಿಗೆ ಇದಕ್ಕಿಂತ ಬೇಕಾದದ್ದು ಇಲ್ಲ. ಜಾಸ್ತಿ ಕೊಟ್ಟ ದುಡ್ಡು ಟ್ಯಾಕ್ಸಿಯಲ್ಲಿ ಉಳಿಯಿತು.

ಫೋನ್ ಮಾಡಿದಾಗ ಜಾಗ ಇದೆಯಾ ಅಂತ ಮಾತ್ರ ಕೇಳಿ ಸುಮ್ನೆ ಇಡಲಿಲ್ಲ. ಆ ತಾರೀಖಿಗೆ ಮೊದಲ ಲಾಕ್ ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ? ಬೇಗ ಬಂದರೆ ಹೊರಗೆ ಎಲ್ಲಿ ಕಾಯಬೇಕು? ನಮ್ಮ ಪಾಂಟೂನ್, ಅಂದರೆ ದೋಣಿ ಕಟ್ಟಿ ಇಳಿಯುವ ತೇಲುವ ಕಟ್ಟೆ, ದೋಣಿಯಷ್ಟು ಉದ್ದ ಇದೆಯಾ, ಚಿಕ್ಕದಾ? ಈ ಕೊನೆಯ ಪ್ರಶ್ನೆ ಎಷ್ಟೋ ಜನ ಕೇಳುವುದಿಲ್ಲ. ಪಾಂಟೂನ್ ಚಿಕ್ಕದಾದರೆ ವಯಸ್ಸಾದವರು ದೋಣಿಯ ಮೂತಿಯಿಂದ ಹಾರಿ ಇಳಿಯಬೇಕಾಗುತ್ತದೆ. ನಮಗೆ ಪಕ್ಕದಿಂದ ಇಳಿಯುವ ಜಾಗ ಬೇಕು ಅಂತ ಹೇಳಿದೆ, ಕೊಟ್ಟರು.

ಆಮೇಲೆ ತಾರೀಖು. ಅಮ್ಮ ಪಂಚಾಂಗ ತೆಗೆದು ಹುಣ್ಣಿಮೆ ಯಾವಾಗ ಅಂತ ಹೇಳಿದರು. ಹುಣ್ಣಿಮೆ ಕಳೆದು ಎರಡು ದಿನಕ್ಕೆ ಲಂಡನ್‌ನಲ್ಲಿ ನೀರು ತುಂಬುವುದು ಮಧ್ಯಾಹ್ನ ಎರಡು ಮೂರರ ಹೊತ್ತಿಗೆ. ಅಂದರೆ ಬೆಳಗ್ಗೆ ಇಳಿತ ಮುಗಿಯುವಾಗ ಮೆಡ್ವೇ ಬಾಯಿಯ ಕ್ವೀನ್‌ಬರೋದಿಂದ ಹೊರಟರೆ ಇಡೀ ಉಬ್ಬರ ನಮ್ಮನ್ನು ತಳ್ಳಿಕೊಂಡು ಹೋಗುತ್ತದೆ, ಹಗಲಿನಲ್ಲೇ ಲಾಕ್ ಸಿಗುತ್ತದೆ. ಸೆಳೆತ ಜೋರಾಗಿರುತ್ತದೆ ನಿಜ. ಆದರೆ ಅದು ನಮ್ಮ ಕಡೆಯೇ ಇರುತ್ತದೆ. ಪ್ರವಾಹ ತಡೆಯಲು ನದಿಗೆ ಅಡ್ಡ ಕಟ್ಟಿದ ಥೇಮ್ಸ್ ಬ್ಯಾರಿಯರ್‌ನ ಗೇಟುಗಳನ್ನು ತಿಂಗಳಿಗೊಮ್ಮೆ ಪರೀಕ್ಷೆಗೆ ಮುಚ್ಚುತ್ತಾರೆ. ಆ ದಿನ ಇದಲ್ಲ ತಾನೇ ಅಂತಲೂ ನೋಡಿಕೊಂಡೆ.

ಅಪ್ಪ ಮತ್ತು ನಾನು ದೋಣಿಯಲ್ಲಿ ಹೊರಟೆವು. ಅಮ್ಮ ನನ್ನ ಹೆಂಡತಿಯ ಜೊತೆ ರೈಲಿನಲ್ಲಿ. ಗ್ರೇವ್ಸೆಂಡ್‌ವರೆಗೆ ದೊಡ್ಡ ಹಡಗುಗಳ ದಾರಿ ಬಿಟ್ಟು ಅಂಚಿನಲ್ಲೇ ಬಂದೆವು. ಬ್ಯಾರಿಯರ್‌ಗೆ ಮೊದಲೇ ಹಾಯಿ ಇಳಿಸಿ ಎಂಜಿನ್ ಹಾಕಿದೆ, ರೇಡಿಯೊ 14ನೇ ಚಾನೆಲ್‌ನಲ್ಲಿ ನದಿಯ ಹಡಗು ಸಂಚಾರ ನೋಡಿಕೊಳ್ಳುವ ಲಂಡನ್ ವಿಟಿಎಸ್ ಅನ್ನು ಕರೆದೆ. ಹಸಿರು ಬಾಣ ಇರುವ ಕಂಡಿಯಲ್ಲಿ ದಾಟಿದೆವು. ಅಪ್ಪ ಮಾತಾಡಲಿಲ್ಲ, ಬೆಳ್ಳಿಯ ಹಾಗೆ ಹೊಳೆಯುವ ಆ ಕಮಾನುಗಳನ್ನು ಕತ್ತೆತ್ತಿ ನೋಡುತ್ತಲೇ ಇದ್ದರು.

ಲಾಕ್ ತೆರೆಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಹೊರಗಿನ ಬೂಯ್‌ಗೆ ಕಟ್ಟಿ ಕಾದೆವು. ದೋಣಿ ಕುಣಿಯಿತು, ಆದರೆ ಇಪ್ಪತ್ತೇ ನಿಮಿಷ. ಹಸಿರು ದೀಪ ಬಂದ ಮೇಲೆ ಮೂತಿಯನ್ನು ಸಮುದ್ರದ ಕಡೆಗೆ ತಿರುಗಿಸಿ, ಸೆಳೆತಕ್ಕೆ ಎದುರಾಗಿ ನಿಂತು, ಮೆಲ್ಲಗೆ ಅಡ್ಡ ಜಾರುತ್ತ ಬಾಯಿಗೆ ಹೋದೆ. ಸೆಳೆತದ ಜೊತೆಗೆ ನೇರ ನುಗ್ಗಿದರೆ ಗೋಡೆಗೆ ಹೊಡೆಯುತ್ತದೆ. ಲಾಕ್ ಒಳಗೆ ಅಪ್ಪ ಹಗ್ಗ ಹಿಡಿದರು. ಯಾರೂ ಹೇಳಿಕೊಡಬೇಕಾಗಲಿಲ್ಲ. ಮೇಲೆ ಕಟಕಟೆಯ ಹತ್ತಿರ ಅಮ್ಮ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿ.

ಮರುದಿನ ಬೆಳಗ್ಗೆ ಬಸವಣ್ಣನನ್ನು ನೋಡಿದೆವು. ವೆಸ್ಟ್‌ಮಿನ್‌ಸ್ಟರ್‌ನಿಂದ ಸೇತುವೆ ದಾಟಿ, ನದಿಯ ಪಕ್ಕ ಲ್ಯಾಂಬೆತ್ ಸೇತುವೆಯ ಕಡೆ ನಡೆದೆವು. ಅಪ್ಪ ಎರಡು ಕಡೆ ಬೆಂಚಿನಲ್ಲಿ ಕೂತರು. ಅಮ್ಮ ಪ್ರತಿಮೆಯ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು. ನದಿಯ ಆಚೆ ದಂಡೆಯಲ್ಲಿ ಪಾರ್ಲಿಮೆಂಟ್, ಕೆಳಗೆ ಇಳಿತದ ಕೆಸರು. ಮಧ್ಯಾಹ್ನದ ಹೊತ್ತಿಗೆ ದೋಣಿಗೆ ವಾಪಸ್ ಬಂದು ಇಬ್ಬರೂ ಮಲಗಿದರು.

ಮೂರು ರಾತ್ರಿ ಇದ್ದೆವು. ರಾತ್ರಿ ಹೋಟೆಲುಗಳ ಸದ್ದು ಹನ್ನೊಂದರವರೆಗೂ ಇತ್ತು, ಆದರೆ ದೋಣಿ ಒಂದಿಷ್ಟೂ ಅಲುಗಲಿಲ್ಲ. ಹೊರಡುವ ದಿನ ನಾನು ಏಳುವ ಮೊದಲೇ ಅಪ್ಪ ಡೆಕ್ ಮೇಲೆ ಹಗ್ಗ ಸುತ್ತುತ್ತ ಕೂತಿದ್ದರು. "ಬಾಗಿಲು ಎಷ್ಟಕ್ಕೆ?" ಎಂದು ಕೇಳಿದರು.